ಕುಸ್ವಾರ್ ಪೊಟ್ಟಣಕ್ಕೆ ಕಟ್ಟಿಕೊಡಲು ಬಟ್ಟೆಯ ನಕ್ಷತ್ರ, ಹೃದಯ, ಪುಟ್ಟ ಮರ: ಕೈಯಲ್ಲೇ ಹೊಲಿಯೋಣ

ಮಂಗಳೂರು, ಉಡುಪಿ ಕಡೆ ಡಿಸೆಂಬರ್ ಬಂತೆಂದರೆ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆಗಳು ಮನೆಯಿಂದ ಮನೆಗೆ ಓಡಾಡುತ್ತವೆ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸ್, ಚಕ್ಕುಲಿ, ಜೊತೆಗೆ ಒಂದು ತುಂಡು ಕೇಕು. ಎರಡು ದಿನದಲ್ಲಿ ತಟ್ಟೆ ಖಾಲಿ. ಅದೇ ತಟ್ಟೆಯ ಜೊತೆ ನೀವೇ ಹೊಲಿದ ಒಂದು ಬಟ್ಟೆಯ ನಕ್ಷತ್ರ ಇಟ್ಟುಕೊಟ್ಟರೆ ಅದು ಮುಂದಿನ ವರ್ಷವೂ ಇರುತ್ತದೆ, ಅದರ ಮುಂದಿನ ವರ್ಷವೂ ಇರುತ್ತದೆ. ಕ್ರಿಸ್‌ಮಸ್ ಮರಕ್ಕೋ, ಗೋದಲಿಯ ಪಕ್ಕಕ್ಕೋ, ಬಾಗಿಲ ಚಿಲಕಕ್ಕೋ, ಎಲ್ಲಿ ಬೇಕಾದರೂ ತೂಗುಹಾಕಬಹುದು.

ಇದಕ್ಕೆ ಹೊಲಿಗೆ ಮೆಷಿನ್ ಬೇಡ. ಬಿಚ್ಚಿಹೋದ ಗುಂಡಿ ಹಾಕಲು ಬಂದರೆ ಸಾಕು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಆಕಾರ ಸರಳವಾಗಿರಲಿ, ಹೊಲಿಗೆ ಗಟ್ಟಿಯಾಗಿರಲಿ. ಹಿಮಸಾರಂಗ, ಸಾಂತಾಕ್ಲಾಸ್, ಹಿಮದ ಮನುಷ್ಯ ಅಂತ ಹತ್ತು ಬಣ್ಣದ ತುಂಡುಗಳನ್ನು ಅಂಟಿಸಿ ಮಾಡಿದ್ದು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಮರುವರ್ಷ ಡಬ್ಬಿ ತೆಗೆದಾಗ ಕೊಂಬು ಒಂದು ಕಡೆ, ಮೂಗು ಇನ್ನೊಂದು ಕಡೆ. ಒಳ್ಳೆ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಹೊಲಿದ ಬರೀ ಒಂದು ಹೃದಯ ಅದಕ್ಕಿಂತ ಎಷ್ಟೋ ಚೆಂದ.

ಬಟ್ಟೆ ಎಲ್ಲಿಂದ?

ಮನೆಯಿಂದಲೇ. ಹರಿದ ಕಾಟನ್ ಸೀರೆ, ಹಬ್ಬಕ್ಕೆ ಬಂದು ಕಪಾಟಿನಲ್ಲಿ ಹಾಗೇ ಉಳಿದ ಬ್ಲೌಸ್ ಪೀಸುಗಳು, ಮಕ್ಕಳ ಹಳೆ ಫ್ರಾಕು, ಅಪ್ಪನ ಚೌಕಳಿ ಲುಂಗಿ, ಎಲ್ಲವೂ ನಡೆಯುತ್ತದೆ. ಸಾಲದಿದ್ದರೆ ನಿಮ್ಮ ಟೈಲರ್ ಹತ್ತಿರ ಕೇಳಿ, ಕತ್ತರಿಸಿ ಉಳಿದ ಚೂರುಗಳನ್ನು ಮೂಟೆ ಕಟ್ಟಿ ಇಟ್ಟಿರುತ್ತಾರೆ, ಸಾಮಾನ್ಯವಾಗಿ ಸುಮ್ನೆ ಕೊಟ್ಟುಬಿಡುತ್ತಾರೆ. ಗುಳೇದಗುಡ್ಡದ ಖಣ ಸಿಕ್ಕರೆ ಬಿಡಬೇಡಿ. ಅದರಲ್ಲಿ ನೇಯ್ದ ಸಣ್ಣ ಸಣ್ಣ ಚಿತ್ತಾರ ಒಂಬತ್ತು ಸೆಂಟಿಮೀಟರ್ ಹೃದಯಕ್ಕೆ ಹೇಳಿ ಮಾಡಿಸಿದಂತಿರುತ್ತದೆ, ಮೇಲೆ ಏನೂ ಕಸೂತಿ ಮಾಡಬೇಕಾಗಿಲ್ಲ. ಇಳಕಲ್ ಸೀರೆಯ ಹಳೆ ಸೆರಗೂ ಹಾಗೆಯೇ, ಆ ಕೆಂಪು ಮತ್ತು ಬಿಳಿ ಕ್ರಿಸ್‌ಮಸ್‌ಗೆ ಸರಿಯಾಗಿ ಕೂಡಿಬರುತ್ತದೆ. ಯಾರಿಗೆ ಕೊಡುತ್ತೀರೋ ಅವರದೇ ಮನೆಯ ಬಟ್ಟೆ ಸಿಕ್ಕರಂತೂ ಇನ್ನೂ ಒಳ್ಳೆಯದು. ಅಜ್ಜಿಯ ಸೀರೆಯ ಒಂದೇ ಒಂದು ಹರಕಲು ತುಂಡಿನಿಂದ ಮೊಮ್ಮಕ್ಕಳಿಗೆಲ್ಲ ಒಂದೊಂದು ನಕ್ಷತ್ರ ಬರುತ್ತದೆ, ಇಂಥದ್ದನ್ನು ಅಂಗಡಿಯಲ್ಲಿ ಕೊಳ್ಳಲು ಆಗುವುದಿಲ್ಲ ಅಲ್ವಾ.

ಬೇಡದ ಬಟ್ಟೆ: ಜಾರ್ಜೆಟ್, ಶಿಫಾನ್, ಜಾರುವ ಸ್ಯಾಟಿನ್. ಮೊದಲ ಸಲ ಹೊಲಿಯುವವರ ಕೈಗೆ ಇವು ಸಿಕ್ಕುವುದೇ ಇಲ್ಲ, ಕತ್ತರಿಸುವಾಗಲೇ ಜಾರಿ ಆಕಾರ ಕೆಡುತ್ತದೆ. ತುಂಬ ಹಳೆಯ ರೇಷ್ಮೆಯನ್ನೂ ನೋಡಿಕೊಂಡು ಬಳಸಿ, ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಪಿಸಿದರೆ ಅದು ಹತ್ತಿ ತುಂಬಿದಾಗ ಉಳಿಯುವುದಿಲ್ಲ. ಪಿಸಿಯುವ ಸೀರೆಯನ್ನು ಬಿಟ್ಟುಬಿಡಲು ಮನಸ್ಸಿಲ್ಲ ಅಂದರೆ ಟೈಲರ್‌ಗಳು ಕಾಲರಿಗೆ ಹಾಕುವ ಇಸ್ತ್ರಿ ಮಾಡಿ ಅಂಟಿಸುವ ತೆಳು ಕ್ಯಾನ್ವಾಸ್ ತಂದು ಉಲ್ಟಾ ಬದಿಗೆ ಅಂಟಿಸಿ. ಬಟ್ಟೆಗೆ ಜೀವ ಬರುತ್ತದೆ.

ಇನ್ನು ಫೆಲ್ಟ್. ಸ್ಟೇಷನರಿ ಅಂಗಡಿಗಳಲ್ಲಿ ಎ4 ಹಾಳೆಯ ಅಳತೆಯಲ್ಲಿ ಬಣ್ಣಬಣ್ಣದ್ದು ಸಿಗುತ್ತದೆ. ಇದನ್ನು ನೇಯ್ದಿರುವುದಿಲ್ಲ, ನಾರುಗಳನ್ನು ಒತ್ತಿ ಮಾಡಿರುತ್ತಾರೆ, ಹಾಗಾಗಿ ಕತ್ತರಿಸಿದ ಅಂಚಿನಿಂದ ಎಳೆ ಬಿಡುವುದಿಲ್ಲ, ಒಳಗೆ ಮಡಚಬೇಕಾಗಿಲ್ಲ. ಕಲಿಯುವವರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಸುಮಾರು ಒಂದು ಮಿಲಿಮೀಟರ್ ದಪ್ಪದ ಮೆತ್ತನೆಯದನ್ನು ಕೊಳ್ಳಿ. ಅಟ್ಟೆಯಂತೆ ಗಟ್ಟಿಯಾಗಿರುವುದರಲ್ಲಿ ಸೂಜಿ ಎಳೆದು ಎಳೆದು ಬೆರಳು ನೋಯುತ್ತದೆ. ನಮ್ಮಲ್ಲಿ ಸಿಗುವ ಫೆಲ್ಟ್ ಹೆಚ್ಚಾಗಿ ಸಿಂಥೆಟಿಕ್, ಬಿಸಿ ಇಸ್ತ್ರಿಪೆಟ್ಟಿಗೆ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ. ಇಸ್ತ್ರಿ ಬೇಕೇ ಬೇಕೆಂದರೆ ಮೇಲೆ ಒಂದು ಕಾಟನ್ ಬಟ್ಟೆ ಹಾಕಿ, ಕಡಿಮೆ ಬಿಸಿಯಲ್ಲಿ ಮಾಡಿ.

ಕಾಟನ್ ಬಟ್ಟೆ ಹೊಸದಾದರೆ ಕತ್ತರಿಸುವ ಮುಂಚೆ ಒಮ್ಮೆ ಒಗೆಯಲೇಬೇಕು. ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ. ಬಣ್ಣ ಬಿಡುವುದಿದ್ದರೆ ಈಗಲೇ ಬಿಡಲಿ. ಕೆಂಪು, ಕಡು ಹಸಿರು, ಮರೂನ್, ಅಂದರೆ ಕ್ರಿಸ್‌ಮಸ್‌ಗೆ ನಾವು ಆರಿಸುವ ಬಣ್ಣಗಳೇ ಜಾಸ್ತಿ ಬಿಡುತ್ತವೆ. ಒಗೆದು ಒಣಗಿದ ಮೇಲೆ ಒಂದು ಬಿಳಿ ಚಿಂದಿಯನ್ನು ಒದ್ದೆ ಮಾಡಿ ಬಟ್ಟೆಯ ಮೇಲೆ ಗಟ್ಟಿಯಾಗಿ ಉಜ್ಜಿ ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಇನ್ನೊಮ್ಮೆ ಒಗೆಯಿರಿ, ಆಮೇಲೂ ಹತ್ತಿದರೆ ಆ ಬಟ್ಟೆಯನ್ನು ಬಿಳಿಯ ಜೊತೆ ಸೇರಿಸಬೇಡಿ. ಒಗೆದು ಮೆತ್ತಗಾದ ಹಳೆ ಕಾಟನ್ ಕತ್ತರಿಗೆ ಸಿಕ್ಕುವುದಿಲ್ಲ ಅನಿಸಿದರೆ ತೆಳುವಾಗಿ ಅನ್ನದ ಗಂಜಿ ಹಾಕಿ ಇಸ್ತ್ರಿ ಮಾಡಿ, ಗೆರೆ ಎಳೆಯಲು ಹಾಯಾಗಿರುತ್ತದೆ. ಆದರೆ ಗಂಜಿ ಉಳಿದ ಬಟ್ಟೆಗೆ ಹುಳ ಬರುತ್ತದೆ, ಹೊಲಿದು ಮುಗಿಸುವ ಮುಂಚೆ, ಹತ್ತಿ ತುಂಬುವ ಮುಂಚೆ, ನೀರಲ್ಲಿ ಜಾಲಿಸಿ ಒಣಗಿಸಿ.

ಬೇಕಾಗುವ ಸಾಮಾನು

ಸಣ್ಣ ಸೂಜಿ ಒಂದು, ಅಗಲ ಕಣ್ಣಿನ ಕಸೂತಿ ಸೂಜಿ ಒಂದು. ಮಾಮೂಲಿ ಹೊಲಿಗೆ ದಾರ, ಜೊತೆಗೆ ಕಸೂತಿ ನೂಲಿನ ಲಡಿ. ಈ ಲಡಿಯಲ್ಲಿ 6 ಎಳೆ ಒಟ್ಟಿಗಿರುತ್ತವೆ, ನಮಗೆ ಬೇಕಾದಷ್ಟನ್ನು ಬೇರೆ ಮಾಡಿಕೊಳ್ಳಬೇಕು. ಗುಂಡುಸೂಜಿ, ಟೈಲರ್ ಚಾಕ್‌ಪೀಸ್ ಅಥವಾ ಪೆನ್ಸಿಲ್, ಬಟ್ಟೆಗೇ ಮೀಸಲಾದ ಕತ್ತರಿ. ಆ ಕತ್ತರಿಯಿಂದ ಮನೆಯಲ್ಲಿ ಯಾರೂ ಹಾಲಿನ ಪ್ಯಾಕೆಟ್ ಕತ್ತರಿಸದಂತೆ ಮುಚ್ಚಿಡಿ, ಕಾಗದ ಪ್ಲಾಸ್ಟಿಕ್ ಕತ್ತರಿಸಿದರೆ ಅದರ ಮೊನಚು ಹೋಗುತ್ತದೆ. ಅಚ್ಚು ಮಾಡಿಕೊಳ್ಳಲು ಹಳೆ ಮದುವೆ ಕಾಗದದ ರಟ್ಟು ಬಹಳ ಒಳ್ಳೆಯದು, ದಪ್ಪ ಇರುತ್ತದೆ, ಅಂಚು ಮಡಚುವುದಿಲ್ಲ. ಬೆಂಗಳೂರಿನವರಾದರೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿನಲ್ಲಿ ಲೇಸು, ಮಣಿ, ಗುಂಡಿ, ರಿಬ್ಬನ್ ಎಲ್ಲ ಒಂದೇ ಕಡೆ ಸಿಗುತ್ತದೆ. ಬೇರೆ ಊರಿನವರು ಟೈಲರ್ ಸಾಮಾನಿನ ಅಂಗಡಿಗೆ ಹೋದರೆ ಸಾಕು.

ಒಳಗೆ ತುಂಬಲು ದಿಂಬಿಗೆ ಹಾಕುವ ಫೈಬರ್ ಹತ್ತಿ ತನ್ನಿ. ಇದು ನೀರು ಹೀರುವುದಿಲ್ಲ, ಒಗೆದರೂ ಗಂಟಾಗುವುದಿಲ್ಲ. ಬೂರುಗದ ಹತ್ತಿ ಮೆತ್ತಗೆ ಹಗುರ ನಿಜ, ಆದರೆ ತುಂಬುವಾಗ ಮನೆಯೆಲ್ಲ ಹಾರುತ್ತದೆ, ಸಣ್ಣ ಹೊಲಿಗೆಯ ಸಂದಿನಿಂದಲೂ ಹೊರಬರುತ್ತದೆ. ಹಳೆ ದಿಂಬಿನ ಮಾಮೂಲಿ ಹತ್ತಿಯಾದರೆ ಬಿಸಿಲಿಗೆ ಹಾಕಿ ಚೆನ್ನಾಗಿ ಬಿಡಿಸಿಕೊಳ್ಳಿ. ತೂಕ ಬರಲೆಂದು ಅಕ್ಕಿ, ಬೇಳೆ ತುಂಬುವವರಿದ್ದಾರೆ, ನಮ್ಮ ಹವೆಯಲ್ಲಿ ಅದು ಬೇಡವೇ ಬೇಡ. ಮಳೆಗಾಲ ಮುಗಿಯುವಷ್ಟರಲ್ಲಿ ಹುಳ ಆಗಿರುತ್ತದೆ. ಪರಿಮಳ ಬೇಕಿದ್ದರೆ ಹತ್ತಿಯ ನಡುವೆ ನಾಲ್ಕು ಲವಂಗ, ಒಂದು ಸಣ್ಣ ಚೂರು ಚಕ್ಕೆ ಇಡಿ. ಹತ್ತಿಯ ನಡುವೆಯೇ ಇಡಬೇಕು, ಬಟ್ಟೆಗೆ ತಾಗಿದರೆ ಲವಂಗದ ಎಣ್ಣೆ ಕಲೆ ಬಿಡಬಹುದು.

ಮೊದಲು ಫೆಲ್ಟ್ ನಕ್ಷತ್ರ

ಡಿಸೆಂಬರಿನಲ್ಲಿ ಪ್ರತಿ ಕ್ರೈಸ್ತರ ಮನೆ ಮುಂದೆಯೂ ನಕ್ಷತ್ರದ ಗೂಡುದೀಪ ತೂಗುತ್ತದಲ್ಲ, ಅದರ ಪುಟ್ಟ ತಮ್ಮ ಇದು. ಐದು ಮೂಲೆಯ ನಕ್ಷತ್ರ ಬಿಡಿಸುವುದು ಕಷ್ಟ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ, ಮಕ್ಕಳ ಜಾಮಿಟ್ರಿ ಬಾಕ್ಸ್ ಇದ್ದರೆ ಏನೂ ಕಷ್ಟವಿಲ್ಲ. ರಟ್ಟಿನ ಮೇಲೆ ಕೈವಾರದಿಂದ 5 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಅದೇ ನಡುಬಿಂದುವಿನಿಂದ 2.5 ಸೆಂಟಿಮೀಟರಿನ ಇನ್ನೊಂದು ವೃತ್ತ. ಕೋನಮಾಪಕ ಇಟ್ಟು ದೊಡ್ಡ ವೃತ್ತದ ಮೇಲೆ 72 ಡಿಗ್ರಿಗೆ ಒಂದರಂತೆ ಐದು ಚುಕ್ಕಿ ಹಾಕಿ. ಸಣ್ಣ ವೃತ್ತದ ಮೇಲೂ ಐದು ಚುಕ್ಕಿ, ಆದರೆ ಅವು ದೊಡ್ಡ ಚುಕ್ಕಿಗಳ ಸರಿ ನಡುವೆ ಬರಬೇಕು, ಅಂದರೆ 36 ಡಿಗ್ರಿ ಸರಿಸಿ. ಈಗ ಹೊರಗಿನ ಚುಕ್ಕಿ, ಒಳಗಿನ ಚುಕ್ಕಿ, ಮತ್ತೆ ಹೊರಗಿನದು ಅಂತ ಸುತ್ತಲೂ ಗೆರೆ ಸೇರಿಸಿದರೆ ನಕ್ಷತ್ರ. ಶಾಲೆಯಲ್ಲಿ ಕೈ ಎತ್ತದೆ ಗೀಚುತ್ತಿದ್ದ ನಕ್ಷತ್ರದ ಮೂಲೆಗಳು ತೀರಾ ಸಣ್ಣ, ಅದರೊಳಗೆ ಹತ್ತಿ ಹೋಗುವುದಿಲ್ಲ. ಇದು ತುಸು ದುಂಡಗೆ ಇರುವುದರಿಂದ ತುಂಬಲು ಸುಲಭ.

ಫೆಲ್ಟ್ ಮೇಲೆ ರಟ್ಟಿಟ್ಟು ಗೆರೆ ಎಳೆದು ಎರಡು ನಕ್ಷತ್ರ ಕತ್ತರಿಸಿ. ಒಂದರ ಮೇಲೆ ಏನಾದರೂ ಕಸೂತಿ ಮಾಡುವುದಿದ್ದರೆ ಈಗಲೇ, ಎರಡನ್ನೂ ಸೇರಿಸುವ ಮುಂಚೆಯೇ ಮಾಡಿ. ಆಗ ಗಂಟುಗಳೆಲ್ಲ ಒಳಗೆ ಉಳಿಯುತ್ತವೆ. ನಡುವಿನಿಂದ ಐದು ಮೂಲೆಗೂ ಒಂದೊಂದು ಬ್ಯಾಕ್ ಸ್ಟಿಚ್ ಗೆರೆ (ಪ್ರತಿ ಸಲ ಒಂದು ಹೊಲಿಗೆಯಷ್ಟು ಹಿಂದಕ್ಕೆ ಚುಚ್ಚಿ, ನಡುವೆ ಸಂದಿಲ್ಲದಂತೆ ಹಾಕುವ ಹೊಲಿಗೆ), ಗೆರೆಯ ತುದಿಗೆ ಒಂದು ಫ್ರೆಂಚ್ ನಾಟ್ (ಸೂಜಿಗೆ ನೂಲು ಸುತ್ತಿ ಹಾಕುವ ಪುಟ್ಟ ಗಂಟು), ಇಷ್ಟೇ ಸಾಕು.

ಆಮೇಲೆ ಎರಡೂ ತುಂಡುಗಳನ್ನು ಸೇರಿಸಿ ಅಂಚಿಗೆ ಬ್ಲಾಂಕೆಟ್ ಸ್ಟಿಚ್ ಹಾಕಬೇಕು, ಕಾಜಾ ಹೊಲಿಗೆಯದೇ ಕ್ರಮ, ಸ್ವಲ್ಪ ದೂರ ದೂರ. ಕಸೂತಿ ನೂಲಿನ 3 ಎಳೆ ತೆಗೆದುಕೊಳ್ಳಿ, ಉದ್ದ 45 ಸೆಂಟಿಮೀಟರ್ ಮೀರದಿರಲಿ, ಉದ್ದವಾದಷ್ಟೂ ಸಿಕ್ಕಾಗುತ್ತದೆ. ಗಂಟನ್ನು ಎರಡು ತುಂಡುಗಳ ನಡುವೆ ಅಡಗಿಸಿ ಸೂಜಿಯನ್ನು ಅಂಚಿನಿಂದ ಹೊರತನ್ನಿ. ಅಂಚಿನಿಂದ 4 ಮಿಲಿಮೀಟರ್ ಒಳಗೆ, ಪಕ್ಕಕ್ಕೆ 4 ಮಿಲಿಮೀಟರ್ ದೂರದಲ್ಲಿ ಮುಂದಿನಿಂದ ಹಿಂದಕ್ಕೆ ಚುಚ್ಚಿ. ಪೂರ್ತಿ ಎಳೆಯುವ ಮುಂಚೆ ನೂಲಿನ ಕುಣಿಕೆಯೊಳಗಿಂದ ಸೂಜಿ ಹಾಯಿಸಿ, ಆಮೇಲೆ ಎಳೆಯಿರಿ. ನೂಲು ಅಂಚಿನ ಮೇಲೆ ನೆಟ್ಟಗೆ ಮಲಗುತ್ತದೆ. ಎಳೆತ ಹದವಾಗಿರಲಿ, ಜಾಸ್ತಿ ಎಳೆದರೆ ಅಂಚು ಸುಕ್ಕಾಗುತ್ತದೆ. ಹೊರಮೂಲೆಗೆ ಬಂದಾಗ ಒಂದೇ ತೂತಿನಲ್ಲಿ ಮೂರು ಹೊಲಿಗೆ ಹಾಕಿ: ಒಂದು ಮೂಲೆಯ ಈಚೆಗೆ, ಒಂದು ಸರಿಯಾಗಿ ತುದಿಗೆ, ಒಂದು ಆಚೆಗೆ. ಒಳಮೂಲೆಗೆ ಒಂದೇ ಸಾಕು.

ತೂಗುಹಾಕುವ ದಾರವನ್ನು ಮೇಲಿನ ಮೂಲೆಯಲ್ಲಿ ಎರಡು ತುಂಡುಗಳ ನಡುವೆ ಒಂದು ಸೆಂಟಿಮೀಟರ್ ಒಳಗಿಟ್ಟು ಹೊಲಿಗೆಯ ಜೊತೆಗೇ ಸಿಕ್ಕಿಸಿ. ಮೂರು ಮೂಲೆ ಮುಗಿಯುತ್ತಲೇ ಅವಕ್ಕೆ ಹತ್ತಿ ತುಂಬಿ, ಆಮೇಲೆ ಉಳಿದ ಎರಡು. ಎಲ್ಲ ಹೊಲಿದ ಮೇಲೆ ಒಂದೇ ತೂತಿನಿಂದ ತುಂಬಲು ಹೋದರೆ ದೂರದ ಮೂಲೆಗಳು ಟೊಳ್ಳಾಗಿಯೇ ಉಳಿಯುತ್ತವೆ.

ಬಟ್ಟೆಯ ಹೃದಯ

ಇದು ನೇಯ್ದ ಬಟ್ಟೆಯದು, ಉಲ್ಟಾ ಹೊಲಿದು ತಿರುವಿ ತುಂಬಬೇಕು. ನಾಲ್ಕು ಕಡೆ ಎಚ್ಚರ ವಹಿಸಿದರೆ ಅಂಗಡಿಯದಕ್ಕಿಂತ ಚೆನ್ನಾಗಿ ಬರುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕಾಗದ ಅರ್ಧ ಮಡಚಿ, ಮಡಿಕೆಗೆ ತಾಗಿಸಿ ಅರ್ಧ ಹೃದಯ ಬಿಡಿಸಿ ಕತ್ತರಿಸಿ. ಬಿಚ್ಚಿದರೆ ಎರಡೂ ಕಡೆ ಒಂದೇ ಸಮ. ಎತ್ತರ 9 ಸೆಂಟಿಮೀಟರ್ ಇರಲಿ. ಮೇಲಿನ ಸಂದು ತೀರಾ ಆಳ ಬೇಡ, ಕೆಳಗಿನ ತುದಿ ತೀರಾ ಚೂಪು ಬೇಡ. ಈ ಕಾಗದವನ್ನು ರಟ್ಟಿಗೆ ಇಳಿಸಿಕೊಳ್ಳಿ.

ಬಟ್ಟೆಯ ಎರಡು ಪದರವನ್ನು ಸೀದಾ ಬದಿ ಒಳಗೆ ಬರುವಂತೆ ಒಂದರ ಮೇಲೊಂದು ಇಡಿ. ಈಗಲೇ ಹೃದಯದ ಆಕಾರಕ್ಕೆ ಕತ್ತರಿಸಬೇಡಿ. ಮೇಲಿನ ಪದರದ ಉಲ್ಟಾ ಬದಿಗೆ ರಟ್ಟಿಟ್ಟು ಗೆರೆ ಎಳೆಯಿರಿ, ಗುಂಡುಸೂಜಿ ಚುಚ್ಚಿ, ಆ ಗೆರೆಯ ಮೇಲೇ ಹೊಲಿಯಿರಿ. ಹೊಲಿದಾದ ಮೇಲೆ ಗೆರೆಯಿಂದ 6 ಮಿಲಿಮೀಟರ್ ಹೊರಗೆ ಮಾರ್ಜಿನ್ ಬಿಟ್ಟು ಕತ್ತರಿಸಿ. ಮೊದಲೇ ಕತ್ತರಿಸಿದ ಎರಡು ಸಣ್ಣ ತುಂಡುಗಳನ್ನು ಜೋಡಿಸಿ ಹೊಲಿಯುವುದಕ್ಕಿಂತ ಇದು ಎಷ್ಟೋ ಸಲೀಸು, ಬಟ್ಟೆ ಜರುಗುವುದಿಲ್ಲ, ಎರಡೂ ಬದಿ ಸರಿಯಾಗಿ ಕೂಡುತ್ತದೆ.

ಕೈಯಲ್ಲಾದರೆ ಬ್ಯಾಕ್ ಸ್ಟಿಚ್, ಒಂದೊಂದೂ 2 ಮಿಲಿಮೀಟರಿನಷ್ಟು. ಸುಮ್ನೆ ಮೇಲೆ ಕೆಳಗೆ ಚುಚ್ಚುತ್ತಾ ಮುಂದೆ ಹೋಗುವ ಓಟದ ಹೊಲಿಗೆ ಹಾಕಿದರೆ ತುಂಬಿದಾಗ ಸಂದಿನಿಂದ ಬಿಳಿ ಹತ್ತಿ ಇಣುಕುತ್ತದೆ. ಮೆಷಿನ್ ಇರುವವರು ಹೊಲಿಗೆ ಉದ್ದವನ್ನು 2ಕ್ಕೆ ಇಟ್ಟುಕೊಳ್ಳಿ. ತಿರುವಲು 4 ಸೆಂಟಿಮೀಟರ್ ಜಾಗ ಬಿಡಬೇಕು, ಅದು ಪಕ್ಕದ ನೆಟ್ಟನೆಯ ಭಾಗದಲ್ಲಿ ಇರಲಿ. ದುಂಡಗಿನ ಭಾಗದಲ್ಲಿ ಬಿಟ್ಟರೆ ಆಮೇಲೆ ಮುಚ್ಚುವಾಗ ಅಲ್ಲಿ ಸೊಟ್ಟಗಾಗುತ್ತದೆ. ಆ ಜಾಗದ ಎರಡೂ ಕೊನೆಗೆ ಹೊಲಿಗೆಯನ್ನು ಎರಡೆರಡು ಸಲ ಹಾಕಿ ಗಟ್ಟಿ ಮಾಡಿ, ತಿರುವುವಾಗ ಎಳೆತವೆಲ್ಲ ಅಲ್ಲೇ ಬೀಳುವುದು.

ಈಗ ಕತ್ತರಿ ಕೆಲಸ. ಮೇಲಿನ ಸಂದಿನಲ್ಲಿ ಮಾರ್ಜಿನ್ ಬಟ್ಟೆಯನ್ನು ನೇರವಾಗಿ ಹೊಲಿಗೆಯ ಹತ್ತಿರದವರೆಗೆ ಕತ್ತರಿಸಿ, ಒಂದೆರಡು ಮಿಲಿಮೀಟರ್ ಮಾತ್ರ ಉಳಿಯಲಿ. ಅಲ್ಲಿ ಕತ್ತರಿಸದಿದ್ದರೆ ತಿರುವಿದಾಗ ಸಂದು ಸುಕ್ಕುಗಟ್ಟುತ್ತದೆ. ದುಂಡಗಿನ ಅಂಚಿಗೆ ಸೆಂಟಿಮೀಟರಿಗೊಂದರಂತೆ ಸಣ್ಣ ತ್ರಿಕೋನ ಕತ್ತರಿಸಿ ತೆಗೆಯಿರಿ, ಹಲ್ಲುಹಲ್ಲಿನ ಜಿಗ್‌ಜಾಗ್ ಕತ್ತರಿ ಇದ್ದರೆ ಅದರಲ್ಲೇ ಸುತ್ತ ಕತ್ತರಿಸಿದರೆ ಆಯಿತು. ಕೆಳತುದಿಯ ಬಟ್ಟೆಯನ್ನು ಅಡ್ಡಕ್ಕೆ ಕತ್ತರಿಸಿ ಕಡಿಮೆ ಮಾಡಿ. ತಿರುವುವ ಜಾಗದಲ್ಲಿ ಮಾತ್ರ ಮಾರ್ಜಿನ್ ಪೂರ್ತಿ ಇರಲಿ.

ತಿರುವಿ. ಸ್ವೆಟರ್ ಹೆಣೆಯುವ ಕಡ್ಡಿಯ ಹಿಂತುದಿಯಿಂದಲೋ ಮೊಂಡು ಪೆನ್ಸಿಲಿನಿಂದಲೋ ಒಳಗಿನಿಂದ ಅಂಚನ್ನು ಮೆಲ್ಲಗೆ ದೂಡಿ. ಚೂಪಾದ ಕತ್ತರಿ ತುದಿ ಹಾಕಬೇಡಿ, ಖಣದಂಥ ಬಟ್ಟೆಯಲ್ಲಿ ನೂಲು ಸರಿದು ತೂತಾಗುತ್ತದೆ. ಇಸ್ತ್ರಿ ಮಾಡಿ. ಹತ್ತಿಯನ್ನು ಚಿಟಿಕೆ ಚಿಟಿಕೆಯಾಗಿ ತುಂಬಿ, ಮೊದಲು ಕೆಳತುದಿ, ಆಮೇಲೆ ಮೇಲಿನ ಎರಡು ದುಂಡು, ಕೊನೆಗೆ ಹೊಟ್ಟೆ. ಒಂದು ದೊಡ್ಡ ಉಂಡೆ ತುರುಕಿದರೆ ಗಂಟುಗಂಟಾಗಿ ಕಾಣುತ್ತದೆ. ಬೆರಳಿಂದ ಒತ್ತಿದರೆ ತುಸು ತಗ್ಗಿ ಮತ್ತೆ ಮೇಲೆ ಬರಬೇಕು, ಅಷ್ಟು ತುಂಬಿ.

ಬಾಯಿ ಮುಚ್ಚಲು ಲ್ಯಾಡರ್ ಸ್ಟಿಚ್. ಎರಡೂ ಕಡೆಯ ಮಾರ್ಜಿನ್ ಒಳಗೆ ಮಡಚಿ, ಒಂದು ಬದಿಯ ಮಡಿಕೆಯೊಳಗೆ 3 ಮಿಲಿಮೀಟರ್ ಸೂಜಿ ಓಡಿಸಿ ಹೊರತೆಗೆಯಿರಿ, ನೇರ ಎದುರಿನ ಮಡಿಕೆಗೆ ಹೋಗಿ ಅಲ್ಲೂ ಅಷ್ಟೇ. ನಾಲ್ಕೈದು ಸಲ ಹೀಗೆ ಹೋಗಿ ಬಂದ ಮೇಲೆ ದಾರ ಎಳೆದರೆ ಎರಡು ಮಡಿಕೆಗಳೂ ಕೂಡಿಕೊಂಡು ದಾರ ಮಾಯ. ಬಟ್ಟೆಯದೇ ಬಣ್ಣದ ದಾರ ಇದ್ದರೆ ಎಲ್ಲಿ ಮುಚ್ಚಿದ್ದು ಅಂತ ಹುಡುಕಬೇಕು.

ಹೃದಯಕ್ಕೆ ತೂಗುದಾರವನ್ನು ಮೊದಲೇ ಸಂದಿನಲ್ಲಿ ಸೇರಿಸಿ ಹೊಲಿಯಬೇಡಿ, ಸಂದು ಕತ್ತರಿಸುವಾಗ ಅದೂ ಕತ್ತರಿಸಿಹೋಗುತ್ತದೆ. ಎಲ್ಲ ಮುಗಿದ ಮೇಲೆ 18 ಸೆಂಟಿಮೀಟರ್ ತೆಳು ರಿಬ್ಬನ್ ಮಡಚಿ, ತುದಿಗಳನ್ನು ಹಿಂಬದಿಯಲ್ಲಿ ಸಂದಿನ ಸ್ವಲ್ಪ ಕೆಳಗಿಟ್ಟು ಏಳೆಂಟು ಹೊಲಿಗೆ ಹಾಕಿ, ಮುಂಬದಿಗೆ ಅದೇ ಜಾಗದಲ್ಲಿ ಒಂದು ಗುಂಡಿ ಕೂಡಿಸಿ. ನೂಲು ಗುಂಡಿಯಿಂದ ರಿಬ್ಬನ್ನಿಗೆ, ರಿಬ್ಬನ್ನಿನಿಂದ ಗುಂಡಿಗೆ ಹಾಯ್ದು ಎರಡನ್ನೂ ಹಿಡಿದಿಡುತ್ತದೆ. ಮಗು ಹಿಡಿದೆಳೆದರೂ ಸುಲಭಕ್ಕೆ ಬರುವುದಿಲ್ಲ.

ನೆರಿಗೆ ಬಿಲ್ಲೆಗಳ ಮರ

ತೀರಾ ಸಣ್ಣ ಚೂರುಗಳು ಉಳಿದಿದ್ದರೆ ಇದು. ಯೋಯೋ ಅಂತಾರಲ್ಲ, ದುಂಡಗೆ ಕತ್ತರಿಸಿ ನೆರಿಗೆ ಎಳೆದು ಮಾಡುವ ಬಿಲ್ಲೆ, ಅದನ್ನೇ ದೊಡ್ಡದರಿಂದ ಸಣ್ಣದಕ್ಕೆ ಪೋಣಿಸಿದರೆ ಪುಟ್ಟ ಕ್ರಿಸ್‌ಮಸ್ ಮರವಾಗುತ್ತದೆ. ಮಾತಾಡುತ್ತಾ, ಟಿವಿ ನೋಡುತ್ತಾ ಮಾಡಬಹುದಾದ ಕೆಲಸ.

14, 12, 10, 8, 6 ಸೆಂಟಿಮೀಟರ್ ಅಗಲದ ದುಂಡು ತುಂಡುಗಳು ತಲಾ ಎರಡು ಬೇಕು. ಅಳತೆಗೆ ಸ್ಟೀಲ್ ಡಬ್ಬಿಯ ಮುಚ್ಚಳ, ಬಟ್ಟಲು, ಲೋಟ ಯಾವುದಾದರೂ ಆಗುತ್ತದೆ, ಮಿಲಿಮೀಟರ್ ಲೆಕ್ಕ ಬೇಡ. ಕೊನೆಯ ಸಣ್ಣದಕ್ಕೆ ಬಳೆಯೇ ಸಾಕು, ಎರಡು ಆರರ ಬಳೆಯ ಒಳಗಿನ ಅಗಲ ಹೆಚ್ಚುಕಡಿಮೆ 6 ಸೆಂಟಿಮೀಟರೇ ಇರುತ್ತದೆ. ಹಸಿರೇ ಆಗಬೇಕೆಂದಿಲ್ಲ. ಕಡು ಹಸಿರಿನಿಂದ ತಿಳಿ ಹಸಿರಿಗೆ ಹೋದರೆ ಚೆಂದ, ಹತ್ತೂ ಬೇರೆ ಬೇರೆ ಹೂವಿನ ಬಟ್ಟೆಯಾದರೆ ಇನ್ನೂ ಚೆಂದ.

ತುಂಡಿನ ಅಂಚನ್ನು ಉಲ್ಟಾ ಬದಿಗೆ 5 ಮಿಲಿಮೀಟರ್ ಮಡಚುತ್ತಾ ಅಂಚಿನ ಹತ್ತಿರವೇ ಸುತ್ತಲೂ ಓಟದ ಹೊಲಿಗೆ ಹಾಕಿ. ದಾರ ಎರಡೆಳೆ ಇರಲಿ, ಗಂಟು ಗಟ್ಟಿ ಇರಲಿ. ಇಲ್ಲಿ ಹೊಲಿಗೆ ಉದ್ದವಾಗಿಯೇ ಇರಬೇಕು, 8 ಮಿಲಿಮೀಟರಿನಷ್ಟು. ಸಣ್ಣ ಸಣ್ಣ ಹೊಲಿಗೆ ಹಾಕಿದರೆ ನೆರಿಗೆ ಜಾಸ್ತಿಯಾಗಿ ನಡುವಿನ ಬಾಯಿ ಮುಚ್ಚುವುದಿಲ್ಲ. ಒಂದು ಸುತ್ತು ಬಂದ ಮೇಲೆ ಎಳೆಯಿರಿ, ಚೀಲದ ಬಾಯಿ ಕಟ್ಟಿದಂತೆ ಕೂಡಿಕೊಳ್ಳುತ್ತದೆ. ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿ ಗಂಟು ಹಾಕಿ. 14ರ ತುಂಡು ಸುಮಾರು ಆರೂವರೆ ಸೆಂಟಿಮೀಟರ್ ಬಿಲ್ಲೆಯಾಗುತ್ತದೆ, 6ರದ್ದು ಎರಡೂವರೆ.

ಪೋಣಿಸಲು ಕಸೂತಿ ನೂಲಿನ ಆರೂ ಎಳೆ ಬಳಸಿ. ನೂಲಿನ ನಡುವೆ ಕುಣಿಕೆ ಬಿಟ್ಟು ಗಂಟು ಹಾಕಿದರೆ ಅದೇ ತೂಗುಹಾಕುವ ದಾರ. ನೂಲಿನ ಎರಡೂ ತುದಿಗಳನ್ನು ಸೂಜಿಗೆ ಸೇರಿಸಿ ಮೊದಲು ಒಂದು ಹೊಂಬಣ್ಣದ ಮಣಿ, ಆಮೇಲೆ ಸಣ್ಣ ಬಿಲ್ಲೆಯಿಂದ ಶುರುಮಾಡಿ ದೊಡ್ಡದರವರೆಗೆ, ನೆರಿಗೆಯ ಬದಿ ಮೇಲಕ್ಕೆ ಬರುವಂತೆ, ಕೊನೆಗೆ ಬುಡಕ್ಕೆ ಒಂದು ದೊಡ್ಡ ಮರದ ಮಣಿ. ಮಣಿಯ ಕೆಳಗೆ ಗಂಟು ಹಾಕಿ, ಉಳಿದ ನೂಲನ್ನು ಕೊನೆಯ ಬಿಲ್ಲೆಯೊಳಗೆ ಅಡಗಿಸಿ.

ಪುಟ್ಟ ಕೌದಿ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹಳೆ ಬಟ್ಟೆಯಿಂದ ಹೊಲಿಯುವ ಕೌದಿ ಹೊದಿಕೆಗಳನ್ನು ನೋಡಿದ್ದೀರಾ? ಅವರು ತುಂಡುಗಳನ್ನೆಲ್ಲ ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಶುರುಮಾಡಿ, ಕೈಗೆ ಸಿಕ್ಕ ತುಂಡಿನ ಅಂಚು ಮಡಚಿ ಇಟ್ಟು, ಎಲ್ಲ ಪದರಗಳನ್ನೂ ಸೇರಿಸಿ ಓಟದ ಹೊಲಿಗೆ ಹಾಕುತ್ತಾ, ಅಂಚಿನ ಸುತ್ತ ಬಂದು ಬಂದು ನಡುವಿಗೆ ತಲುಪುತ್ತಾರೆ. ಮೂಲೆಗಳಿಗೆ ಬಣ್ಣದ ಬಟ್ಟೆ ಮಡಚಿ ಮಾಡಿದ ‘ಫುಲ’ ಇಡುತ್ತಾರೆ, ಅದಿಲ್ಲದೆ ಕೌದಿ ಪೂರ್ತಿಯಾಗುವುದಿಲ್ಲ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ, ಕ್ರೈಸ್ತ ಮನೆಗಳ ಕೌದಿಗಳಲ್ಲಿ ಶಿಲುಬೆಯ ಆಕಾರ ಕೂಡಿಸುವುದೂ ಉಂಟು. ಅದೇ ಕ್ರಮದಲ್ಲಿ ಅಂಗೈಯಗಲದ ಒಂದು ಚೌಕ ಮಾಡಿದರೆ ಕ್ರಿಸ್‌ಮಸ್‌ಗೆ ಅದಕ್ಕಿಂತ ನಮ್ಮ ನೆಲದ್ದು ಇನ್ನೇನು ಬೇಕು. ಕೊಡುವಾಗ ಇದು ಸಿದ್ದಿ ಹೆಂಗಸರ ಕೌದಿಯ ರೀತಿ ಅಂತ ಹೇಳಿಯೇ ಕೊಡಿ.

ಹಿಂಬದಿಗೆ 12 ಸೆಂಟಿಮೀಟರ್ ಚೌಕದ ಗಟ್ಟಿ ಕಾಟನ್. ಅದರ ಮೇಲೆ, ಉಲ್ಟಾ ಬದಿಗೆ, 10 ಸೆಂಟಿಮೀಟರ್ ಚೌಕದ ಹಳೆ ಟವೆಲ್ ಅಥವಾ ಫ್ಲಾನೆಲ್ ಇಟ್ಟು ನಾಲ್ಕೂ ಕಡೆ ಒಂದು ಸೆಂಟಿಮೀಟರ್ ಒಳಗೆ ಮಡಚಿ, ಕಚ್ಚಾ ಹೊಲಿಗೆ ಹಾಕಿಡಿ. ಫುಲಕ್ಕೆ 4 ಸೆಂಟಿಮೀಟರ್ ಚೌಕದ ತುಂಡನ್ನು ಕರ್ಣಕ್ಕೆ ಎರಡು ಸಲ ಮಡಚಿ, ಪುಟ್ಟ ತ್ರಿಕೋನ ಬರುತ್ತದೆ. ಎರಡು ಬಣ್ಣದ್ದನ್ನು ಒಂದರ ಮೇಲೊಂದು, ಒಳಗಿನದು ಸ್ವಲ್ಪ ಹೊರಗೆ ಕಾಣುವಂತೆ ಇಡಿ. ಇದನ್ನು ಮೂಲೆಯಲ್ಲಿ ಚೂಪು ತುದಿ ಹೊರಕ್ಕೆ ಬರುವಂತೆ ಇಟ್ಟು, ಅದರ ಬುಡ ಮುಚ್ಚುವ ಹಾಗೆ ಮೊದಲ ತುಂಡು ಕೂಡಿಸಿ. ತುಂಡುಗಳು 3–4 ಸೆಂಟಿಮೀಟರ್ ಇರಲಿ, ಹೊರಗೆ ಕಾಣುವ ಅಂಚನ್ನೆಲ್ಲ 5 ಮಿಲಿಮೀಟರ್ ಒಳಗೆ ಮಡಚಬೇಕು, ಮುಂದಿನ ತುಂಡು ಹಿಂದಿನದರ ಅಂಚನ್ನು ಮುಚ್ಚಬೇಕು.

ಹೊಲಿಗೆ ಕಸೂತಿ ನೂಲಿನ 3 ಎಳೆಯಲ್ಲಿ, ಬಟ್ಟೆಗೆ ಎದ್ದು ಕಾಣುವ ಬಣ್ಣದಲ್ಲಿ. ಕೆಂಪಿನ ಮೇಲೆ ಬಿಳಿ, ಹಸಿರಿನ ಮೇಲೆ ಹಳದಿ. ಸಾಲಿನಿಂದ ಸಾಲಿಗೆ 8 ಮಿಲಿಮೀಟರ್ ಬಿಟ್ಟು ಸುತ್ತುತ್ತಾ ಒಳಗೆ ಬನ್ನಿ. ಹೊಲಿಗೆ ಒಂದೇ ಅಳತೆಯಲ್ಲಿ ಬರಲಿಲ್ಲ, ತುಂಡು ವಾರೆಯಾಯಿತು ಅಂತ ಬಿಚ್ಚಬೇಡಿ, ಕೌದಿಗೆ ಅದೇ ಅಂದ. ನಡುವೆ ಉಳಿಯುವ ಜಾಗಕ್ಕೆ ನಾಲ್ಕೂ ಅಂಚು ಮಡಚಿದ ಒಂದು ತುಂಡು, ಬೇಕಿದ್ದರೆ ಅದರ ಮೇಲೆ ಪುಟ್ಟ ನಕ್ಷತ್ರ. ಒಂದು ಮೂಲೆಯ ಫುಲದ ಹಿಂದೆ ತೂಗುದಾರ ಹೊಲಿದರೆ ಮುಗಿಯಿತು.

ಕೊಡುವ ಮುಂಚೆ

ಗ್ಲೂ ಗನ್ ಬಗ್ಗೆ ಬಹಳ ಜನ ಕೇಳುತ್ತಾರೆ. ಬೇಡ ಅನ್ನುತ್ತೇನೆ. ಆ ಅಂಟು ಬಿಸಿಗೆ ಕರಗುವಂಥದ್ದು, ಏಪ್ರಿಲ್ ಮೇ ತಿಂಗಳಲ್ಲಿ ಹಂಚಿನ ಕೆಳಗಿನ ಅಟ್ಟದಲ್ಲಿ ಡಬ್ಬಿ ಇಟ್ಟರೆ ಮೆತ್ತಗಾಗಿ ಮಣಿ, ಲೇಸು ಎಲ್ಲ ಕಳಚುತ್ತದೆ. ಮಣಿಯೊಂದನ್ನು ಹೊಲಿಯಲು ಒಂದು ನಿಮಿಷವೂ ಬೇಡ, ಹೊಲಿದುಬಿಡಿ. ತೀರಾ ಸಣ್ಣ ಮಕ್ಕಳಿರುವ ಮನೆಗಾದರೆ ಮಣಿ, ಗುಂಡಿ, ಗೆಜ್ಜೆ, ಒಳಗೆ ಲವಂಗ ಯಾವುದೂ ಬೇಡ, ಬಾಯಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿಗೆ ಬರೀ ಕಸೂತಿ ಮಾಡಿದ ಹೃದಯ ಅಥವಾ ಕೌದಿ ಕೊಡಿ. ಮೇಣದ ಬತ್ತಿಯ ಹತ್ತಿರ ತೂಗುಹಾಕಬೇಡಿ ಅಂತಲೂ ಹೇಳಿ, ಫೈಬರ್ ಹತ್ತಿಗೂ ಸಿಂಥೆಟಿಕ್ ಫೆಲ್ಟಿಗೂ ಬೆಂಕಿ ಬೇಗ ಹಿಡಿಯುತ್ತದೆ.

ಹಿಂಬದಿಯಲ್ಲಿ ವರ್ಷ ಹೊಲಿಯಿರಿ. ಪೆನ್ಸಿಲಿನಲ್ಲಿ ತೆಳುವಾಗಿ ಬರೆದು ಎರಡೆಳೆ ನೂಲಿನಲ್ಲಿ ಬ್ಯಾಕ್ ಸ್ಟಿಚ್ ಹಾಕಿದರೆ ಆಯಿತು. ಹೆಸರು ಹಾಕುವುದಿದ್ದರೆ ಮೊದಲ ಅಕ್ಷರ ಸಾಕು. ಕನ್ನಡ ಅಕ್ಷರಗಳ ದುಂಡು ಆಕಾರ ಬ್ಯಾಕ್ ಸ್ಟಿಚ್ಚಿಗೆ ಚೆನ್ನಾಗಿ ಒಗ್ಗುತ್ತದೆ, ತಿರುವಿನಲ್ಲಿ ಹೊಲಿಗೆ ಸ್ವಲ್ಪ ಚಿಕ್ಕದು ಮಾಡಿಕೊಳ್ಳಿ.

ಹತ್ತು ಮನೆಗೆ ಕೊಡುವುದಿದ್ದರೆ ನವೆಂಬರ್ ಮೊದಲ ವಾರದಲ್ಲೇ ಶುರುಮಾಡಿ, ಡಿಸೆಂಬರ್ ಬಂದ ಮೇಲೆ ಕುಸ್ವಾರ್ ಕೆಲಸವೇ ಕೈ ತುಂಬ ಇರುತ್ತದೆ. ಒಂದು ಪೂರ್ತಿ ಮಾಡಿ ಇನ್ನೊಂದಕ್ಕೆ ಹೋಗುವ ಬದಲು ಒಂದು ದಿನ ಎಲ್ಲದಕ್ಕೂ ಗೆರೆ ಎಳೆದು, ಹೃದಯ ಬಿಟ್ಟು ಉಳಿದದ್ದನ್ನು ಕತ್ತರಿಸಿ, ಇನ್ನೊಂದು ದಿನ ಕಸೂತಿ, ಆಮೇಲೆ ಎಲ್ಲ ಹೊಲಿದು ತಿರುವಿ, ಕೊನೆಗೆ ಒಟ್ಟಿಗೆ ಹತ್ತಿ ತುಂಬಿ (ನಕ್ಷತ್ರಕ್ಕೆ ಮಾತ್ರ ಹೊಲಿಯುತ್ತಲೇ ತುಂಬಬೇಕು). ಹತ್ತಿ ತುಂಬುವುದನ್ನು ಮಕ್ಕಳಿಗೆ ಕೊಡಿ, ಅವರ ಬೆರಳು ಸಣ್ಣ, ಮೂಲೆಗೆಲ್ಲ ಹೋಗುತ್ತದೆ.

ಕುಸ್ವಾರ್ ಜೊತೆ ಕಟ್ಟುವಾಗ ಬಟ್ಟೆ ತಿಂಡಿಗೆ ತಾಗಬಾರದು. ನೆವ್ರಿ, ಚಕ್ಕುಲಿಯ ಎಣ್ಣೆ ಬಟ್ಟೆಗೆ ಇಳಿದರೆ ಹೋಗುವುದಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ರಿಬ್ಬನ್ ಕಟ್ಟಿ ಅದಕ್ಕೆ ತೂಗುಬಿಡಿ, ಪೊಟ್ಟಣವಾದರೆ ನಡುವೆ ಬೆಣ್ಣೆ ಕಾಗದ ಇಡಿ. ದುಬೈಗೋ ಮುಂಬೈಗೋ ಅಂಚೆಯಲ್ಲಿ ಕಳಿಸುವವರಿಗೆ ಪುಟ್ಟ ಕೌದಿ ಸರಿ, ಚಪ್ಪಟೆ ಇರುತ್ತದೆ, ದಪ್ಪ ಲಕೋಟೆಯಲ್ಲಿ ಎರಡು ರಟ್ಟಿನ ನಡುವೆ ಇಟ್ಟರೆ ಸಾಕು. ನೆರಿಗೆ ಮರವನ್ನು ಮಾತ್ರ ಡಬ್ಬಿಯಲ್ಲೇ ಕಳಿಸಿ.

ಜೊತೆಗೆ ಒಂದು ಚೀಟಿ ಬರೆದಿಡಿ: ಕೊಳೆಯಾದರೆ ತಣ್ಣೀರಿನಲ್ಲಿ ಶಾಂಪೂ ಹಾಕಿ ಕೈಯಲ್ಲೇ ಒತ್ತಿ ತೊಳೆಯಿರಿ, ಹಿಂಡಬೇಡಿ, ನೆರಳಲ್ಲಿ ಪೂರ್ತಿ ಒಣಗಿಸಿ. ಖಣ, ರೇಷ್ಮೆಯದನ್ನು ತೊಳೆಯದೆ ಮೆತ್ತನೆಯ ಬ್ರಷ್ಷಿನಿಂದ ದೂಳು ಒರೆಸಿದರೆ ಸಾಕು. ಜನವರಿಯಲ್ಲಿ ತೆಗೆದಿಡುವಾಗ ಪ್ಲಾಸ್ಟಿಕ್ ಕವರ್ ಬೇಡ, ಕಾಟನ್ ಚೀಲದಲ್ಲಿ ಒಣಗಿದ ಬೇವಿನ ಎಲೆಯ ಪುಟ್ಟ ಗಂಟಿನ ಜೊತೆ ಇಡಿ. ಕರಾವಳಿಯವರು ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಸೇರಿಸಿ, ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನ ಬಿಸಿಲಿಗೆ ಒಂದು ದಿನ ಹಾಕಿ ತೆಗೆದಿಡಿ.